ಮಗಳಿಗೊಂದು ಪತ್ರ: ತುಪ್ಪಟ ಕತ್ತರಿಸುವ ಮೊದಲು

ಉಡುಪಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಕಾರ್ಕಳದ ನಿಮ್ಮ ತೋಟದಲ್ಲಿ ಸಾಕಿರುವ ದಖನಿ ಕುರಿಗಳ ತುಪ್ಪಟವನ್ನು ಈ ಸಲ ಮನೆಯಲ್ಲೇ ನೂಲಬೇಕೆಂದು ನೀನು ನಿಶ್ಚಯಿಸಿರುವುದು ತಿಳಿದು ಬಹಳ ಸಂತೋಷವಾಯಿತು. ನನ್ನ ತವರಾದ ಚಳ್ಳಕೆರೆಯ ಕಡೆ ಕಂಬಳಿ ನೇಯುವವರನ್ನು ನೋಡುತ್ತಲೇ ಬೆಳೆದವಳು ನಾನು. ನೂಲಿನ ಗುಣ ಮುಕ್ಕಾಲು ಪಾಲು ಕತ್ತರಿ ಆಡಿಸುವ ದಿನವೇ ನಿಶ್ಚಯವಾಗಿಬಿಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಬಯಲುಸೀಮೆಯಲ್ಲಿ ವರ್ಷಕ್ಕೆ ಎರಡು ಬಾರಿ ಕತ್ತರಿಸುವ ರೂಢಿಯಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ನೂಲಿಗೆ ಬೇಕಾದ ತುಪ್ಪಟವನ್ನು ಶಿವರಾತ್ರಿಯ ಆಸುಪಾಸಿನಲ್ಲಿ ಕತ್ತರಿಸುವುದೇ ಒಳ್ಳೆಯದು. ತೊಳೆದು ಒಣಗಿಸಲು ಬೇಕಾದಷ್ಟು ಬಿಸಿಲು ಸಿಗುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಕುರಿಯ ಮೈ ಮತ್ತೆ ತಕ್ಕಷ್ಟು ಮುಚ್ಚಿರುತ್ತದೆ.

ಮೊದಲು ಕುರಿಗಳನ್ನು ಮೀಯಿಸಿ, ಬುಡದವರೆಗೂ ಒಣಗಿದ ಮೇಲಷ್ಟೇ ಕತ್ತರಿ ಹಿಡಿಯಬೇಕು. ಹಿಂದಿನ ರಾತ್ರಿ ಮೇವು ಕೊಡಬೇಡ. ಹೊಟ್ಟೆ ತುಂಬಿದ ಕುರಿ ಮಗುಚಿ ಮಲಗಿಸಿದರೆ ಬಹಳ ಸಂಕಟಪಡುತ್ತದೆ. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಕತ್ತರಿಯನ್ನು ಮೈಗೆ ಒರಗಿಸಿ, ಒಂದೇ ಸಲಕ್ಕೆ ಬುಡದಿಂದ ಕತ್ತರಿಸು. ಎಲ್ಲಾದರೂ ಎತ್ತರ ಉಳಿದರೆ ಅದನ್ನು ಸಮ ಮಾಡಲು ಮತ್ತೆ ಕತ್ತರಿ ಹಾಕಬೇಡ, ಏಕೆಂದರೆ ಆಗ ಉದುರುವ ಗಿಡ್ಡ ಚೂರುಗಳೇ ಮುಂದೆ ನೂಲಿನಲ್ಲಿ ಗಂಟುಗಂಟಾಗಿ ಕಾಡುತ್ತವೆ.

ಭುಜ ಮತ್ತು ಪಕ್ಕೆಗಳ ತುಪ್ಪಟವನ್ನು ಬೇರೆಯಾಗಿಡು, ನೂಲಿಗೆ ಅದೇ ಶ್ರೇಷ್ಠ. ಹೊಟ್ಟೆ, ಕಾಲು, ಬಾಲದ ಕಡೆಯದು ಗಂಜಲ, ಹಿಕ್ಕೆಗಳಿಂದ ಕೆಟ್ಟಿರುತ್ತದೆ. ಅದನ್ನು ಮಲ್ಲಿಗೆ ಗಿಡಗಳ ಬುಡಕ್ಕೆ ಹಾಕಿದರೆ ತೇವ ಉಳಿಯುತ್ತದೆ, ಕೊಳೆತಂತೆ ಸಾರಜನಕವೂ ಸಿಗುತ್ತದೆ. ಒಳ್ಳೆಯ ಭಾಗದಿಂದ ಬೆರಳ ಗಾತ್ರದ ಒಂದು ಎಸಳನ್ನು ತೆಗೆದು, ಎರಡೂ ತುದಿ ಹಿಡಿದು, ಕಿವಿಯ ಹತ್ತಿರ ತಂದು ಜಗ್ಗಿ ನೋಡು. ತಂತಿ ಮೀಟಿದಂತೆ ಸ್ವರ ಬಂದರೆ ಎಳೆ ಗಟ್ಟಿಯಿದೆ. ಚರಚರ ಎಂದು ಹರಿದರೆ, ಕುರಿ ಕಾಯಿಲೆಯಲ್ಲೋ ಮೇವಿನ ಕೊರತೆಯಲ್ಲೋ ಇದ್ದಾಗ ಬೆಳೆದ ಎಳೆಯ ಭಾಗ ಸೊರಗಿದೆ ಎಂದು ತಿಳಿದುಕೋ.

ತೊಳೆಯಲು ನಮ್ಮ ಅಂಟುವಾಳವೇ ಸಾಕು. ಉಣ್ಣೆಯ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲವಾದ್ದರಿಂದ ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿರಲಿ, ಆದರೆ ಅದರಲ್ಲಿ ಉಣ್ಣೆಯನ್ನು ಉಜ್ಜಬಾರದು, ಕಲಕಲೂಬಾರದು. ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದ ಹುರುಪೆಗಳಿದ್ದು, ಬಿಸಿಯಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಇಡೀ ಉಣ್ಣೆ ದಪ್ಪಗೆ ಗಡ್ಡೆಕಟ್ಟುತ್ತದೆ. ಹಾಗಾದ ಮೇಲೆ ಅದನ್ನು ಬಿಡಿಸಲು ಯಾರಿಂದಲೂ ಆಗದು. ಸುಮ್ಮನೆ ಮುಳುಗಿಸಿಟ್ಟು, ಎತ್ತಿ, ಅಷ್ಟೇ ಬಿಸಿಯ ಬೇರೆ ನೀರಿಗೆ ಹಾಕು.

ಒಂದು ದಖನಿ ಕುರಿಯಿಂದ ವರ್ಷಕ್ಕೆ ಒಂದು ಕಿಲೋ ದಾಟುವುದು ಅಪರೂಪ, ಎಳೆಯೂ ಒರಟು. ಮೆತ್ತನೆಯ ಶಾಲನ್ನು ಅದರಿಂದ ನಿರೀಕ್ಷಿಸಬೇಡ. ಕಂಬಳಿಗೆ, ನೆಲಹಾಸಿಗೆ ಅದಕ್ಕೆ ಸಮನಾದದ್ದಿಲ್ಲ.

ಉಳಿದ ಉಣ್ಣೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡದೆ ಹತ್ತಿಯ ಚೀಲದಲ್ಲಿ ಒಲೆಯ ಕೋಣೆಯ ಅಟ್ಟದ ಮೇಲಿಡು. ಉಣ್ಣೆ ಕೈಗೆ ಒದ್ದೆಯೆನಿಸದಿದ್ದರೂ ಗಾಳಿಯ ತೇವವನ್ನು ಸಾಕಷ್ಟು ಹೀರಿಕೊಂಡಿರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಬಿಸಿಲು ಬಿದ್ದ ದಿನವೆಲ್ಲ ಹೊರಗೆ ಹರವಿ ಕೊಡವಿದರೆ ನುಸಿಯ ಕಾಟವೂ ತಗ್ಗುತ್ತದೆ.

ಶಿವರಾತ್ರಿ ಕಳೆದ ಕೂಡಲೇ ಬರುತ್ತೇನೆ. ಕತ್ತರಿಗೆ ಸಾಣೆ ಹಿಡಿಸಿಟ್ಟಿರು, ತಕಲಿಯನ್ನು ನಾನು ತರುತ್ತೇನೆ.

ಇತಿ,
ನಿನ್ನ ಅಮ್ಮ