ಒಂದನೇ ಎಣಿಕೆ ಖಾಲಿ ಇರಲಿ

ಮಾನ್ಯ ಸಂಪಾದಕರೇ,

ಕಾಲೇಜು ಫೆಸ್ಟ್‌ಗಳ ವರದಿಯಲ್ಲಿ ಬ್ಯಾಂಡ್ ಸ್ಪರ್ಧೆಯ ಮಾತು ಬಂದರೆ ‘ಡ್ರಮ್ಸ್ ಅಬ್ಬರಿಸಿತು’ ಎಂಬ ಸಾಲು ತಪ್ಪುವುದಿಲ್ಲ. ಅಬ್ಬರ ಬೇಡುವ ಹಾಡಿಗೆ ಅದು ಹೊಗಳಿಕೆಯೇ. ಆದರೆ ಇದೇ ವೇದಿಕೆಗಳಲ್ಲಿ ಹುಡುಗರು ಇಷ್ಟಪಟ್ಟು ಆರಿಸಿಕೊಳ್ಳುವ ಇನ್ನೊಂದು ಜಾತಿಯ ಹಾಡಿದೆ: ಜಮೈಕಾದ ರೆಗೆಯಿಂದ ನಡೆಯನ್ನು ಎರವಲು ಪಡೆದ ರಾಕ್. ಅಂಥ ಹಾಡಿನಲ್ಲಿ ಡ್ರಮ್ಸ್ ಮೊದಲಿನಿಂದ ಕೊನೆಯವರೆಗೆ ಅಬ್ಬರಿಸಿದರೆ ಹಾಡು ಕೆಟ್ಟಿದೆ ಎಂದೇ ಲೆಕ್ಕ. ಕೇಳುವವರಿಗೆ ಇದು ತುಂಬ ಸುಲಭದ ಹಾಡು ಅನ್ನಿಸುತ್ತದೆ, ಹೊಡೆತಗಳು ಅಷ್ಟು ಕಡಿಮೆ. ಕಷ್ಟ ಇರುವುದು ಆ ಕಡಿಮೆಯಲ್ಲೇ. ಇದನ್ನು ಹೇಗೆ ಕಲಿಯಬೇಕು, ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯಲು ಜಾಗ ಕೊಡಿ.

ಮಾದರಿಗೆ ‘ದಿ ಪೊಲೀಸ್’ ತಂಡ 1979ರಲ್ಲಿ ಹೊರತಂದ ‘ವಾಕಿಂಗ್ ಆನ್ ದ ಮೂನ್’ ಇಟ್ಟುಕೊಳ್ಳೋಣ. ಲಂಡನ್ನಿನಲ್ಲಿ 1977ರಲ್ಲಿ ಕಟ್ಟಿದ ಮೂವರ ತಂಡ ಅದು. 1980ರಲ್ಲಿ ಮುಂಬೈಗೂ ಬಂದು ನುಡಿಸಿ ಹೋಗಿದೆ. ಡ್ರಮ್ಸ್ ಸ್ಟೂವರ್ಟ್ ಕೋಪ್ಲೆಂಡ್ ಅವರದು. ಅಮೆರಿಕದವರಾದರೂ ಬಾಲ್ಯ ಕಳೆದದ್ದು ಕೈರೋ, ಬೈರೂತ್‌ಗಳಲ್ಲಿ. ಈ ಹಾಡಿನ ಚರಣಗಳಿಗೆ ಆಧಾರ ರೆಗೆಯವರು ‘ಒನ್ ಡ್ರಾಪ್’ ಎನ್ನುವ ನಡೆ. ಬಾಬ್ ಮಾರ್ಲಿಯ ವೇಲರ್ಸ್ ತಂಡದಲ್ಲಿ ಕಾರ್ಲ್‌ಟನ್ ಬ್ಯಾರೆಟ್ ನುಡಿಸಿ ಜಗತ್ತಿಗೆಲ್ಲ ಪರಿಚಯಿಸಿದ ನಡೆ ಅದೇ. ನಾಲ್ಕು ಎಣಿಕೆಯಲ್ಲಿ ಒಂದನೆಯದನ್ನು ಬೀಳಿಸಿಬಿಡುವುದು, ಅಂದರೆ ಬಾರಿಸದೆ ಬಿಡುವುದು. ಕಾಲಿನ ಪೆಡಲಿನಿಂದ ಬಾರಿಸುವ ಬೇಸ್ ಡ್ರಮ್ಮೂ, ಎಡಗೈಯ ಚಿಕ್ಕ ಡ್ರಮ್ ಆದ ಸ್ನೇರ್‌ನ ಅಂಚಿಗೆ ಬಡಿಯುವ ಕ್ರಾಸ್ ಸ್ಟಿಕ್ಕೂ ಒಟ್ಟಿಗೆ ಮೂರರ ಮೇಲೆ ಬೀಳುತ್ತವೆ. ಒಂದರ ಮೇಲೊಂದಿರುವ ಜೋಡಿ ತಟ್ಟೆ, ಹೈ-ಹ್ಯಾಟ್, ಮಾತ್ರ ನಡೆಯುತ್ತಲೇ ಇರುತ್ತದೆ.

ಸಾಮಾನ್ಯ ರಾಕ್ ಕಲಿತ ಕಾಲು ಒಂದರ ಮೇಲೆ ತಾನಾಗಿಯೇ ಪೆಡಲ್ ಒತ್ತುತ್ತದೆ. ‘ಒತ್ತಬೇಡ’ ಎಂದು ನೂರು ಸಲ ಹೇಳಿದರೂ ಒತ್ತುತ್ತದೆ. ಇಲ್ಲಿ ನಮ್ಮ ಆದಿತಾಳ ದೊಡ್ಡ ಸಹಾಯ. ಡ್ರಮ್ಸ್ ಮುಟ್ಟದೆ, ತೊಡೆಯ ಮೇಲೆ ತಾಳ ಹಾಕಿ ಕೂರಿ. ನಾಲ್ಕೆಣಿಕೆಯ ಎರಡು ಸುತ್ತು ಸೇರಿದರೆ ಆದಿತಾಳದ ಒಂದು ಆವರ್ತ. ಮೊದಲ ತಟ್ಟು ಬಿದ್ದಾಗ ಬಾಯಿ ಮುಚ್ಚಿರಲಿ. ಮೂರನೆಯ ಎಣಿಕೆಯಾದ ಉಂಗುರ ಬೆರಳಿಗೆ ಗಟ್ಟಿಯಾಗಿ ‘ಧಂ’ ಎನ್ನಿ. ಮತ್ತೆ ಏಳಕ್ಕೆ, ಅಂದರೆ ಎರಡನೇ ದ್ರುತದ (ತಟ್ಟು-ಬೀಸಿನ ಜೋಡಿಯ) ತಟ್ಟಿಗೆ, ‘ಧಂ’ ಎನ್ನಿ. ಇನ್ನು ರೆಗೆ ಗಿಟಾರಿನ ‘ಚಕ್’ ಎಲ್ಲಿ? ಕಿರುಬೆರಳು, ಮಧ್ಯದ ಬೆರಳು, ಎರಡು ಬೀಸುಗಳು: ಎರಡು, ನಾಲ್ಕು, ಆರು, ಎಂಟು. ಒಬ್ಬರು ‘ಧಂ’, ಇನ್ನೊಬ್ಬರು ‘ಚಕ್’ ಹಿಡಿದು ಐದು ನಿಮಿಷ ಹೀಗೆ ಮಾಡಿದರೆ ಹಾಡಿನ ಅರ್ಧ ರಹಸ್ಯ ಕೈಗೆ ಬರುತ್ತದೆ. ತಾಳ ಹಾಕಿದ ಮೇಲೆ ಸಾಹಿತ್ಯ ಎತ್ತಿಕೊಳ್ಳುವ ಅನಾಗತ ಎಡುಪಿನ ಕೃತಿಗಳನ್ನು ಹಾಡಿ ರೂಢಿಯಿರುವ ಮಕ್ಕಳಿಗೆ ಇದು ಹೊಸದೇ ಅಲ್ಲ. ಸಮ, ಅಂದರೆ ತಾಳದ ಮೊದಲ ಎಣಿಕೆ, ಇದೆ, ಅದರ ಮೇಲೆ ಸದ್ದಿಲ್ಲ, ಅಷ್ಟೇ.

ಎಣಿಕೆಯ ವಿಷಯದಲ್ಲಿ ಒಂದು ಜಗಳ ಸದಾ ಇದ್ದದ್ದೇ. ಪೆಟ್ಟು ಮೂರರ ಮೇಲೆ ಎಂದು ಒಬ್ಬರು, ಎರಡು ಮತ್ತು ನಾಲ್ಕರ ಮೇಲೆ ಎಂದು ಇನ್ನೊಬ್ಬರು. ಇಬ್ಬರೂ ಸರಿ. ಈ ಹಾಡನ್ನು ನಿಮಿಷಕ್ಕೆ 146 ಎಣಿಕೆಯ ಆಸುಪಾಸಿನಲ್ಲಿ ಎಣಿಸಿದರೆ ಪೆಟ್ಟು ಮೂರಕ್ಕೆ ಬೀಳುತ್ತದೆ. ಅರ್ಧಕ್ಕಿಳಿಸಿ 73ರಲ್ಲಿ ಎಣಿಸಿದರೆ ಎರಡು ಮತ್ತು ನಾಲ್ಕಕ್ಕೆ. ತೊಂದರೆ ಬರುವುದು ಬೇಸ್ ಗಿಟಾರಿನವನು ಒಂದು ಲೆಕ್ಕದಲ್ಲಿ, ಡ್ರಮ್ಮರ್ ಇನ್ನೊಂದು ಲೆಕ್ಕದಲ್ಲಿ ‘ಒನ್, ಟೂ, ತ್ರೀ, ಫೋರ್’ ಎಂದು ಹಾಡು ಶುರು ಮಾಡಿದಾಗ. ತಾಲೀಮಿನ ಮೊದಲ ದಿನವೇ ಒಂದು ಲೆಕ್ಕಕ್ಕೆ ಒಪ್ಪಿಕೊಳ್ಳಿ. ನಾವು ಈ ಪತ್ರದಲ್ಲಿ ‘ಮೂರು’ ಎನ್ನುತ್ತೇವೆ.

ಈಗ ಎಡಗೈ. ಕ್ರಾಸ್ ಸ್ಟಿಕ್ ಎಂದರೆ ಸ್ನೇರ್‌ನ ಮೇಲೆ ಅಂಗೈ ಊರಿ, ಸ್ಟಿಕ್ಕನ್ನು ಅಡ್ಡ ಮಲಗಿಸಿ, ಅದರ ಒಂದು ತುದಿ ಹೊದಿಕೆಯಿಂದ ಏಳದ ಹಾಗೆ ಇನ್ನೊಂದು ಕಡೆಯಿಂದ ರಿಮ್ಮಿಗೆ, ಅಂದರೆ ಅಂಚಿನ ಬಳೆಗೆ, ಬಡಿಯುವುದು. ಸ್ಟಿಕ್ಕನ್ನು ತಿರುಗಿಸಿ ಹಿಡಿಯಿರಿ, ದಪ್ಪ ತುದಿ ರಿಮ್ಮಿಗೆ ಸಿಗಲಿ. ಸದ್ದು ತುಂಬಿ ಬರುತ್ತದೆ. ಮಣಿಯಿರುವ ತುದಿ ಹೊದಿಕೆಯ ಮೇಲೆ, ರಿಮ್ಮಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಇರಲಿ. ಅಲ್ಲಿಂದ ಅರ್ಧರ್ಧ ಸೆಂಟಿಮೀಟರ್ ಸರಿಸುತ್ತಾ ಬಡಿದು ನೋಡಿ. ಒಂದು ಜಾಗದಲ್ಲಿ ಸದ್ದು ಇದ್ದಕ್ಕಿದ್ದಂತೆ ಮರದ ‘ಟೊಕ್’ ಆಗುತ್ತದೆ. ಆ ಜಾಗ ಸಿಕ್ಕಿದ ಕೂಡಲೇ ಸ್ಟಿಕ್ ರಿಮ್ಮಿಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಸದ್ದು ಕಡ್ಡಿ ಮುರಿದಂತೆ ತೆಳುವಾಗಿದ್ದರೆ ಸ್ಟಿಕ್ ಜಾಗ ತಪ್ಪಿದೆ. ‘ಝಂಯ್’ ಎಂದು ಗುಂಯ್‌ಗುಟ್ಟಿದರೆ ಅಂಗೈ ಹೊದಿಕೆಯಿಂದ ಎದ್ದಿದೆ. ಕೋಪ್ಲೆಂಡ್ ಎಡಗೈ ಸ್ಟಿಕ್ ಹಿಡಿಯುವುದು ಜಾಝ್‌ನವರ ಹಳೇ ಕ್ರಮದಲ್ಲಿ, ಅಂಗೈ ಮೇಲ್ಮುಖವಾಗಿ. ವಿಡಿಯೊ ನೋಡಿ ಅದನ್ನು ಅನುಕರಿಸಲು ಹೋಗಿ ಮಣಿಕಟ್ಟು ನೋಯಿಸಿಕೊಳ್ಳುವ ಅಗತ್ಯ ಏನೂ ಇಲ್ಲ.

ಕೈ ಸರಿಹೋದ ಮೇಲೆ ಕಾಲು ಸೇರಬೇಕು. ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಮೂರರ ಮೇಲೆ ‘ಟೊಕ್’ ಮೊದಲು, ‘ಧಂ’ ಕೂದಲೆಳೆಯಷ್ಟು ಆಮೇಲೆ ಬರುತ್ತದೆ. ಕ್ರಾಸ್ ಸ್ಟಿಕ್ಕಿಗೆ ಕೈ ಚಲಿಸುವುದು ನಾಲ್ಕು ಬೆರಳ ದೂರ. ಪೆಡಲಿನ ಬೀಟರ್, ಅಂದರೆ ಡ್ರಮ್ಮಿಗೆ ಬಡಿಯುವ ತಲೆ, ಗೇಣು ದೂರದಿಂದ ಬರಬೇಕು, ಅದರ ಹಿಂದೆ ಸ್ಪ್ರಿಂಗಿನ ಎಳೆತ ಬೇರೆ. ಬಾರಿಸುವಾಗ ಕಿವಿಗೆ ಇದು ತಿಳಿಯುವುದಿಲ್ಲ. ಫೋನನ್ನು ಆರಡಿ ದೂರ ಇಟ್ಟು ರೆಕಾರ್ಡ್ ಮಾಡಿ ಕೇಳಿದರೆ ತಿಳಿಯುತ್ತದೆ. ಮದ್ದು ಸರಳ, ಬೇಸರದ್ದು. ಹೈ-ಹ್ಯಾಟ್ ಬಿಟ್ಟು ಎಡಗೈ ಮತ್ತು ಬಲಗಾಲು ಮಾತ್ರ, ನಿಮಿಷಕ್ಕೆ 60ರ ವೇಗದಲ್ಲಿ, ದಿನಕ್ಕೆ ಮೂರು ನಿಮಿಷ. ಎರಡು ಸದ್ದು ಒಂದಾಗಿ, ಮೂರನೆಯದೇ ಒಂದು ವಾದ್ಯದಂತೆ ಕೇಳುವವರೆಗೆ ಬಲಗೈ ಮಡಿಲಲ್ಲಿ ಇರಲಿ.

ಹೈ-ಹ್ಯಾಟ್ ವಿಷಯ ಸ್ವಲ್ಪ ದೊಡ್ಡದು, ಯಾಕೆಂದರೆ ಹಾಡಿನ ಮಾತುಗಾರಿಕೆ ಎಲ್ಲ ಅಲ್ಲೇ ಇದೆ. ಮೊದಲು ಗತಿ ತೀರ್ಮಾನವಾಗಲಿ. ಎಣಿಕೆಯನ್ನು ‘ತಕ’ ಎಂದು ಸಮವಾಗಿ ಎರಡಾಗಿ ಸೀಳುತ್ತೀರೋ, ಅಥವಾ ‘ತಕಿಟ’ ಎಂದು ಮೂರಾಗಿಸಿ ನಡುವಿನ ‘ಕಿ’ ನುಂಗುತ್ತೀರೋ? ಎರಡನೆಯದು ಓಲಾಡುವ ನಡೆ. ರೆಗೆಯಲ್ಲಿ ಎರಡೂ ಉಂಟು. ಡ್ರಮ್ಮರ್ ತಿಶ್ರದಲ್ಲಿ (‘ತಕಿಟ’) ಓಲಾಡುತ್ತಾ ಗಿಟಾರಿನವನು ಚತುರಶ್ರದಲ್ಲಿ (‘ತಕ’) ಗರಗಸ ಹಾಕಿದರೆ ಇಡೀ ತಂಡ ಕುಂಟಿದಂತೆ ಕೇಳುತ್ತದೆ, ತಪ್ಪು ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ. ಗತಿ ನಿಂತ ಮೇಲೆ ಒತ್ತು. ಸ್ಟಿಕ್ಕಿನ ಹೆಗಲನ್ನು (ಮಣಿಯ ಹಿಂದಿನ ಭಾಗವನ್ನು) ಹೈ-ಹ್ಯಾಟಿನ ಅಂಚಿಗೆ ಬಡಿದರೆ ಜೋರು, ಮಣಿಯನ್ನು ಮೇಲ್ಮೈಗೆ ತಾಗಿಸಿದರೆ ಮೆತ್ತಗೆ. ಇವೆರಡನ್ನೂ ಬೆರೆಸದೆ ಒಂದೇ ಮಟ್ಟದಲ್ಲಿ ಬಾರಿಸಿದರೆ ಹೊಲಿಗೆ ಯಂತ್ರ. ನಡುವೆ ಎಲ್ಲೋ ಒಮ್ಮೆ ನಾಲ್ಕರ ನಂತರದ ಅರ್ಧದಲ್ಲಿ ಹೈ-ಹ್ಯಾಟ್ ಸ್ವಲ್ಪ ತೆರೆದು, ಮುಂದಿನ ಒಂದಕ್ಕೆ ಸರಿಯಾಗಿ ಎಡಗಾಲಿನಿಂದ ಮುಚ್ಚಿ: ‘ಪ್ಸಿಟ್’. ಬಾರಿಸದ ಒಂದನೇ ಎಣಿಕೆ ಎಲ್ಲಿದೆ ಎಂದು ಕೇಳುಗನಿಗೆ ತೋರಿಸಿಕೊಡುವುದು ಆ ಮುಚ್ಚುವಿಕೆ. ಎಂಟು ಸುತ್ತಿಗೆ ಒಮ್ಮೆ ಸಾಕು. ಪ್ರತಿ ಸುತ್ತಿಗೂ ಮಾಡಿದರೆ ಪ್ರೆಶರ್ ಕುಕ್ಕರ್.

ಇನ್ನೊಂದು ಎಚ್ಚರಿಕೆ. ಧ್ವನಿಮುದ್ರಿಕೆಯಲ್ಲಿ ಕೇಳುವ ಹೈ-ಹ್ಯಾಟಿನ ಟಿಕ್‌ಟಿಕ್ ಎಲ್ಲವೂ ಕೈಯಿಂದ ಬಂದದ್ದಲ್ಲ. ಕೆಲವು ಎಕೋ ಯಂತ್ರದ ಮರುದನಿಗಳು. ಅದನ್ನು ತಿಳಿಯದೆ ಒಂದೊಂದನ್ನೂ ಕೈಯಿಂದ ಬಾರಿಸಲು ಹೋದವರ ಬಲಗೈ ಎರಡನೇ ಚರಣಕ್ಕೇ ಬಿಗಿಯುತ್ತದೆ. ಎಕೋ ಬೇಕೇ ಬೇಕೆಂದರೆ ಲೆಕ್ಕ ಹೀಗೆ: 60,000ವನ್ನು ವೇಗದಿಂದ ಭಾಗಿಸಿದರೆ ಒಂದು ಎಣಿಕೆಯ ಅವಧಿ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. 146ಕ್ಕೆ ಅದು 411; ಅದರ ಮುಕ್ಕಾಲು 308. ಯಂತ್ರವನ್ನು ಈ ಎರಡರಲ್ಲಿ ಒಂದಕ್ಕೆ ಇಟ್ಟು ಕೈಯನ್ನು ಅರ್ಧಕ್ಕೆ ಇಳಿಸಿ. ಆದರೆ ಆಗ ವೇಗ ಕದಲುವಂತಿಲ್ಲ, ಎಣಿಕೆ ಬಡಿಯುವ ಯಂತ್ರವಾದ ಮೆಟ್ರೊನೋಮ್ ಕಿವಿಯಲ್ಲೇ ಇರಬೇಕು. ಎಕೋ ಇಲ್ಲದೆ ನುಡಿಸುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ವೇಗ ಕದಲುವುದು ಸದ್ದಿನಲ್ಲಲ್ಲ, ಖಾಲಿ ಜಾಗದಲ್ಲಿ. ಮೂರರಿಂದ ಮುಂದಿನ ಮೂರಕ್ಕೆ ಹೋಗುವಾಗ ನಡುವೆ ಹಿಡಿದುಕೊಳ್ಳಲು ಏನೂ ಇಲ್ಲವೆಂದು ಕೈಗೆ ದಿಗಿಲು, ಬೇಗ ಓಡಿಬಿಡುತ್ತದೆ. ಫೋನಿನ ಮೆಟ್ರೊನೋಮ್ ಆ್ಯಪ್‌ಗಳಲ್ಲಿ ಬೇಡದ ಎಣಿಕೆಗಳನ್ನು ಮೂಕ ಮಾಡುವ ಸೌಲಭ್ಯ ಸಿಗುತ್ತದೆ. ವೇಗ 100ರಲ್ಲಿಟ್ಟು ಮೊದಲು ನಾಲ್ಕೂ ಎಣಿಕೆ ಕೇಳಿಸಿಕೊಳ್ಳಿ. ಆಮೇಲೆ ಒಂದನೆಯದು ಮಾತ್ರ ಸದ್ದು ಮಾಡಲಿ, ಅಂದರೆ ನೀವು ಖಾಲಿ ಬಿಡುವ ಜಾಗ ಯಂತ್ರದ ಪಾಲಿಗೆ. ಅದಾದ ಮೇಲೆ ಮೂರನೆಯದು ಮಾತ್ರ. ಈಗ ನಿಮ್ಮ ಪೆಟ್ಟು ಸರಿಯಾಗಿ ಬಿದ್ದರೆ ಯಂತ್ರದ ಸದ್ದು ಅದರಡಿಯಲ್ಲಿ ಮುಚ್ಚಿಹೋಗುತ್ತದೆ, ಬೇರೆಯಾಗಿ ಕೇಳಿಸಿದರೆ ನೀವು ಆಚೀಚೆ ಆಗಿದ್ದೀರಿ. ಕೊನೆಗೆ ಎರಡು ಸುತ್ತು ಸದ್ದು, ಎರಡು ಸುತ್ತು ಮೌನ. ಇಷ್ಟೂ ದಕ್ಕಿದರೆ ದಿನಕ್ಕೆ ನಾಲ್ಕೈದರಂತೆ ವೇಗ ಏರಿಸುತ್ತಾ ಹೋಗಿ, 146 ದೂರವಿಲ್ಲ.

ಒನ್ ಡ್ರಾಪ್ ಒಂದೇ ಅಲ್ಲ. ಬೇಸ್ ಡ್ರಮ್ ಒಂದಕ್ಕೂ ಮೂರಕ್ಕೂ ಬಿದ್ದು ಮುನ್ನುಗ್ಗುವ ನಡೆ ರಾಕರ್ಸ್. ಕಿಂಗ್‌ಸ್ಟನ್ನಿನ ಸ್ಲೈ ಡನ್‌ಬಾರ್ ಹೆಸರು ಅದರೊಂದಿಗೆ ಅಂಟಿಕೊಂಡಿದೆ. ನಾಲ್ಕೂ ಎಣಿಕೆಗೆ ಬೇಸ್ ಡ್ರಮ್ ಬಿದ್ದರೆ ಸ್ಟೆಪ್ಪರ್ಸ್. ಈ ಮೂರೂ ನಡೆಗಳನ್ನು ಎಂಟೆಂಟು ಸುತ್ತಿನಂತೆ ಬದಲಿಸಿ ಬದಲಿಸಿ ಸಾಧನೆ ಮಾಡುವುದು ಒಳ್ಳೆಯದು. ಹಾಡು ಬೆಳೆದಂತೆ ರಾಕ್ ಡ್ರಮ್ಮರ್‌ಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ.

ದಾಟುವ ಜಾಗದಲ್ಲೇ ಫೆಸ್ಟ್ ತಂಡಗಳು ಬೀಳುವುದು. ‘ದಿ ಪೊಲೀಸ್’ ತಂಡದ 1978ರ ‘ರಾಕ್ಸಾನ್’ ನೋಡಿ. ಚರಣ ಹಿಡಿತದಲ್ಲಿರುತ್ತದೆ, ಪಲ್ಲವಿ ನೇರ ರಾಕ್: ಬೇಸ್ ಡ್ರಮ್ ಒಂದು-ಮೂರಕ್ಕೆ, ಸ್ನೇರ್ ಎರಡು-ನಾಲ್ಕಕ್ಕೆ, ಪೂರ್ತಿ ತೋಳಿನಿಂದ. ಕ್ರಾಸ್ ಸ್ಟಿಕ್ಕಿಗೆ ತಿರುಗಿಸಿ ಹಿಡಿದ ಸ್ಟಿಕ್ಕನ್ನು ಮತ್ತೆ ನೇರ ಮಾಡಲು ಒಂದು ಎಣಿಕೆಯಾದರೂ ಬೇಕು. ಅಷ್ಟು ಹೊತ್ತಿಲ್ಲದಿದ್ದರೆ ತಿರುಗಿಸಲೇಬೇಡಿ, ದಪ್ಪ ತುದಿಯಿಂದಲೇ ಸ್ನೇರ್ ಹೊಡೆಯಿರಿ, ರಾಕ್‌ಗೆ ಅದು ಚೆನ್ನಾಗಿಯೇ ಕೇಳುತ್ತದೆ. ದೊಡ್ಡ ರೋಲ್ ಹಾಕಿ ಪಲ್ಲವಿಗೆ ಹಾರುವ ಚಪಲ ಬೇಡ. ನಾಲ್ಕನೇ ಎಣಿಕೆಯಲ್ಲಿ ಎರಡು ಹೊಡೆತ ಸಾಕು. ತೋಳು ಬಿಚ್ಚಿಕೊಂಡ ಖುಷಿಗೆ ವೇಗ ನಾಲ್ಕೈದು ಏರುವುದು ಸಾಮಾನ್ಯ. ಏರಿದ್ದು ಪಲ್ಲವಿ ಮುಗಿದು ಮತ್ತೆ ಚರಣಕ್ಕೆ ಮರಳಿದಾಗ ಗೊತ್ತಾಗುತ್ತದೆ, ಗಾಯಕನಿಗೆ ಮಾತು ತುಂಬಿಸಲು ಜಾಗ ಸಾಲುವುದಿಲ್ಲ. ಆದ್ದರಿಂದ ಸಾಧನೆ ಮಾಡಬೇಕಾದದ್ದು ಚರಣವನ್ನೂ ಅಲ್ಲ, ಪಲ್ಲವಿಯನ್ನೂ ಅಲ್ಲ. ಚರಣದ ಕೊನೆಯ ಎರಡು ಸುತ್ತು, ಪಲ್ಲವಿಯ ಮೊದಲ ಎರಡು ಸುತ್ತು. ಈ ನಾಲ್ಕನ್ನು ಮೂವತ್ತು ಸಲ. ಹಿಂತಿರುಗುವ ದಾರಿಯನ್ನೂ ಅಷ್ಟೇ ಸಲ.

ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಾನಿಕ್ ಕಿಟ್ ಇಟ್ಟುಕೊಂಡವರಿಗೆ ಒಂದು ಮಾತು. ಅಗ್ಗದ ಕಿಟ್‌ಗಳ ಸ್ನೇರ್ ಪ್ಯಾಡಿಗೆ ಒಂದೇ ವಲಯ ಇರುತ್ತದೆ, ರಿಮ್ಮಿಗೆ ಬಡಿದರೆ ಸದ್ದೇ ಬರುವುದಿಲ್ಲ. ಕೊಳ್ಳುವ ಮುಂಚೆ ರಿಮ್ಮಿಗೆ ಬಡಿದು ನೋಡಿ. ಈಗಾಗಲೇ ಕೊಂಡಾಗಿದ್ದರೆ ಬೇಡದ ಟಾಮ್ ಪ್ಯಾಡೊಂದಕ್ಕೆ ಕ್ರಾಸ್ ಸ್ಟಿಕ್ಕಿನ ಸದ್ದು ಹೊಂದಿಸಿಕೊಳ್ಳಿ. ಕಾಲಿನ ಸಾಧನೆಗೆ ಅಷ್ಟು ಸಾಕು, ಕೈಯದನ್ನು ನಿಜವಾದ ಸ್ನೇರ್ ಮೇಲೆಯೇ ಮಾಡಬೇಕು.

ಇನ್ನು ವೇದಿಕೆ. ಬಾಡಿಗೆ ಕಿಟ್‌ನ ಸ್ನೇರ್ ಸಾಮಾನ್ಯವಾಗಿ ಸಡಿಲವಾಗಿ, ಮೇಲೆ ಟೇಪು ಬಡಿದುಕೊಂಡು ಇರುತ್ತದೆ. ರೆಗೆಗೆ ಅದು ಬಿಗಿಯಾಗಿ, ಎತ್ತರದ ಶ್ರುತಿಯಲ್ಲಿರಬೇಕು. ಜೇಬಿನಲ್ಲಿ ಡ್ರಮ್ ಕೀ ಇರಲಿ. ಪ್ರತಿ ಬೋಲ್ಟಿಗೂ ಎದುರೆದುರಾಗಿ ಕಾಲು ಸುತ್ತಿನಂತೆ ತಿರುಗಿಸಿದರೆ ಎರಡು ನಿಮಿಷದ ಕೆಲಸ. ಹೈ-ಹ್ಯಾಟಿನ ಮೇಲಿನ ತಟ್ಟೆ ಹಿಡಿದಿರುವ ಕ್ಲಚ್ ಕೂಡ ಬಿಗಿ ಮಾಡಿ, ಹಾಡಿನ ನಡುವೆ ಮೇಲಿನ ತಟ್ಟೆ ಜಾರಿ ಬಿದ್ದರೆ ಈ ಹಾಡಿನಲ್ಲಿ ಉಳಿಯುವುದು ಏನೂ ಇಲ್ಲ.

ಎಲ್ಲ ಸರಿಯಿದ್ದೂ ಹಾಳಾಗುವುದು ಇನ್ನೊಂದು ಕಡೆ. ಸೌಂಡ್‌ನವರು ಸ್ನೇರ್ ಮೈಕಿಗೆ ಗೇಟ್ ಹಾಕುತ್ತಾರೆ, ಅಂದರೆ ಒಂದು ಮಟ್ಟಕ್ಕಿಂತ ಕಡಿಮೆ ಸದ್ದು ಬಂದರೆ ಮೈಕು ಮುಚ್ಚಿಕೊಳ್ಳುತ್ತದೆ. ಸೌಂಡ್ ಚೆಕ್‌ನಲ್ಲಿ ಡ್ರಮ್ಮರ್ ಜೋರಾಗಿ ನಾಲ್ಕು ಹೊಡೆತ ಹೊಡೆಯುತ್ತಾನೆ, ಗೇಟ್ ಆ ಲೆಕ್ಕಕ್ಕೆ ನಿಲ್ಲುತ್ತದೆ. ಹಾಡು ಶುರುವಾದ ಮೇಲೆ ಮೆತ್ತಗಿನ ಕ್ರಾಸ್ ಸ್ಟಿಕ್ಕಿಗೆ ಗೇಟ್ ತೆರೆಯುವುದೇ ಇಲ್ಲ. ಸಭಿಕರಿಗೆ ಕೇಳುವುದು ಬರೀ ಹೈ-ಹ್ಯಾಟ್ ಮತ್ತು ಬೇಸ್ ಡ್ರಮ್ಮಿನ ಗುಡುಗು. ತೀರ್ಪುಗಾರರು ‘ಡ್ರಮ್ಸ್ ಸಪ್ಪೆ’ ಎಂದು ಅಂಕ ಕಳೆಯುತ್ತಾರೆ. ಆದ್ದರಿಂದ ಸೌಂಡ್ ಚೆಕ್‌ನಲ್ಲಿ ಮೊದಲು ಕ್ರಾಸ್ ಸ್ಟಿಕ್, ಆಮೇಲೆ ಪೂರ್ತಿ ಹೊಡೆತ; ಎರಡೂ ಸ್ಪೀಕರಿನಲ್ಲಿ ಬಂದವೇ ಎಂದು ಸಭಾಂಗಣದಲ್ಲಿ ನಿಂತ ಗೆಳೆಯನೊಬ್ಬ ಕೈ ಎತ್ತಿ ಹೇಳಲಿ. ಫೆಸ್ಟ್ ನಡೆಸುವವರಲ್ಲಿ ನಮ್ಮ ಕೋರಿಕೆ ಇಷ್ಟೇ: ಪ್ರತಿ ತಂಡಕ್ಕೂ ಇದಕ್ಕೆಂದೇ ಎರಡು ನಿಮಿಷ ಬಿಡಿ. ನಿಮ್ಮ ವರದಿಗಾರರೂ ಆ ಎರಡು ನಿಮಿಷ ಮುಂಚಿತವಾಗಿ ಬಂದು ಕೂತರೆ ಚೆನ್ನ.

ಇಂತಿ,
ಇಬ್ಬರು ಡ್ರಮ್ಸ್ ಶಿಕ್ಷಕರು
ಬೆಂಗಳೂರು