ಹಳೆಯ ಸರ್ವರ್ ಆರಿಸಿದ ಮೇಲೆ

ಕಳೆದ ಶನಿವಾರ ಸಂಜೆ ನಮ್ಮ ಸಂಸ್ಥೆಯ ಹಳೆಯ ಸರ್ವರ್ ಅನ್ನು ಕೊನೆಯ ಸಲ ಆರಿಸಿ ನಿಲ್ಲಿಸಿದೆವು. ಪಾಠಗಳು, ಪರೀಕ್ಷೆಗಳು, ಹತ್ತು ವರ್ಷಗಳ ಅಂಕಗಳು ಎಲ್ಲವೂ ಹೊಸ ಮನೆ ಸೇರಿವೆ. ಆ ಸ್ಥಳಾಂತರದ ಪಾಡು ನಿಮಗೆಲ್ಲ ಗೊತ್ತೇ ಇದೆ. ಒಂದೂವರೆ ವರ್ಷದಿಂದ ಮದುವೆ ಮನೆಗಳಲ್ಲೂ ಅದನ್ನೇ ಹೇಳಿ ನಿಮ್ಮ ತಲೆ ತಿಂದಿದ್ದೇನೆ. ಈಗ ಋಣ ಹೇಳಿಕೊಳ್ಳುವ ಸರದಿ.

ಹೆಗಲಿಗೆ ಹೆಗಲು ಕೊಟ್ಟ ಇಬ್ಬರು ತಂತ್ರಜ್ಞರು, ಭಾನುವಾರವೂ ಬಂದು ಬೀಗ ತೆಗೆದ ಕಾವಲುಗಾರರು, ಬೈಯುತ್ತಲೇ ತಮ್ಮ ಪಾಠಗಳನ್ನು ಮತ್ತೆ ಜೋಡಿಸಿಕೊಟ್ಟ ಅಧ್ಯಾಪಕರು, 2002ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದಿಂದ, ನಮ್ಮ ಆನ್‌ಲೈನ್ ಪಾಠ, ಪರೀಕ್ಷೆಗಳೆಲ್ಲ ನಡೆಯುವ ಮೂಡಲ್ ತಂತ್ರಾಂಶದ ಮೊದಲ ಆವೃತ್ತಿಯನ್ನು ಹೊರತಂದು ಎಲ್ಲರಿಗೂ ತೆರೆದಿಟ್ಟ ಮಾರ್ಟಿನ್ ಡೂಗಿಯಾಮಸ್, ಅದನ್ನು ಕನ್ನಡಕ್ಕೆ ತರಲು ದುಡಿದ ಸ್ವಯಂಸೇವಕರು, ತಟ್ಟೆ ಮುಚ್ಚಿಟ್ಟು ಮಲಗಿದ ನನ್ನ ಹೆಂಡತಿ, ನಿಮಗೆಲ್ಲ ನಮಸ್ಕಾರ. ಹೆಂಡತಿಯನ್ನು ಇಷ್ಟು ಉದ್ದದ ಸಾಲಿನ ಬಾಲಕ್ಕೆ ಕಟ್ಟಿದ್ದಕ್ಕೆ ಮನೆಯಲ್ಲಿ ವಿಚಾರಣೆ ನಡೆಯಲಿದೆ. ನಡೆಯಲಿ. ಉಳಿದ ಜಾಗವೆಲ್ಲ ಪರೀಕ್ಷಾ ವಿಭಾಗದ ಒಬ್ಬ ಮೇಡಂ ಅವರಿಗೆ ಬೇಕು.

ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, ಪ್ರಥಮ ದರ್ಜೆಯಲ್ಲಿ ಹೋದ ತಿಂಗಳು ನಿವೃತ್ತರಾದರು. ಹೆಸರು ಹಾಕಿದರೆ ಇನ್ನು ಮುಂದೆ ಫೋನ್ ಎತ್ತುವುದಿಲ್ಲ ಎಂದು ಎಚ್ಚರಿಸಿದ್ದಾರೆ. 'ಮೂಡಲ್' ಎಂಬ ಹೆಸರು ಮೊದಲ ಸಲ ಕೇಳಿದಾಗ, "ಮೂಡಲ ಎಂದರೆ ಸೂರ್ಯ ಹುಟ್ಟುವ ದಿಕ್ಕು. ಇದು ನೋಡಿದರೆ ನಿಮ್ಮನ್ನು ರಾತ್ರಿಯೆಲ್ಲ ಎಚ್ಚರ ಇರಿಸುತ್ತದೆಯಲ್ಲ ಸರ್" ಎಂದಿದ್ದರು. ಆನ್‌ಲೈನ್ ಪರೀಕ್ಷೆ ಬಂದ ಮೇಲೂ ಲ್ಯಾಬಿನಲ್ಲಿ ಕುಳಿತು ಬರೆಯುವವರಿಂದ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದನ್ನು ಅವರು ಬಿಡಲಿಲ್ಲ. ಸಿಸ್ಟಂ ತಾನೇ ಬರೆದಿಡುವ ಲಾಗ್‌ನಲ್ಲಿ ಎಲ್ಲ ದಾಖಲಾಗುತ್ತದೆ, ಈ ಪುಸ್ತಕವೇಕೆ ಎಂದು ಸಭೆಯೊಂದರಲ್ಲಿ ನಾನು ಕೇಳಿದ್ದೆ. ನಾಲ್ಕು ಜನ ನಕ್ಕಿದ್ದರು. ಅವರು ಪುಸ್ತಕ ಮುಚ್ಚಿ ಸೀರೆಯ ಸೆರಗು ಸರಿಪಡಿಸಿಕೊಂಡರು, ಅಷ್ಟೇ.

ಅವರ ಋಣ ನನ್ನ ಮೇಲೆ ಬಿದ್ದ ಆ ರಾತ್ರಿಗೆ ಬರುತ್ತೇನೆ. ಕನ್ನಡ ಮಾಧ್ಯಮದ ಕಂಪ್ಯೂಟರ್ ಪರಿಚಯ ಪತ್ರಿಕೆ, ಒಂದು ಪದದಲ್ಲಿ ಉತ್ತರಿಸುವ ಪ್ರಶ್ನೆಗಳು. ಅಂಕ ನೋಡಿದವರಲ್ಲಿ ಒಬ್ಬಳು ವಿದ್ಯಾರ್ಥಿನಿ ಎರಡು ದಿನ ಮೊದಲೇ ಫೋನ್ ಮಾಡಿದ್ದಳು. "ಸರ್, ಪ್ರಿಂಟರ್ ಎಂದೇ ಬರೆದಿದ್ದೇನೆ. ಸೊನ್ನೆ ಬಂದಿದೆ." ನಾನು ಕೊಟ್ಟ ಉತ್ತರ ಹೀಗಿತ್ತು: "ಸಿಸ್ಟಂ ಯಾರ ಮುಖ ನೋಡಿಯೂ ಅಂಕ ಕೊಡುವುದಿಲ್ಲಮ್ಮ. ಕಾಗುಣಿತ ಸರಿಯಾಗಿ ಕಲಿ." ಅವಳು "ಸರಿ ಸರ್" ಎಂದು ಫೋನ್ ಇಟ್ಟಳು. ಆಮೇಲೆ ದೂರುಗಳು ಒಂದರ ಹಿಂದೊಂದು ಬಂದವು. ಬೆಳಿಗ್ಗೆ ಹತ್ತಕ್ಕೆ ಅಂಕಪಟ್ಟಿ ಅಂಟಿಸಬೇಕಿತ್ತು.

ಎಲ್ಲರೂ ಮನೆಗೆ ಹೋದರು. ಮೇಡಂ ಹೋಗಲಿಲ್ಲ. ಡಬ್ಬಿಯಲ್ಲಿದ್ದ ಅವಲಕ್ಕಿಯನ್ನು ಎರಡು ಭಾಗ ಮಾಡಿ, ಕನ್ನಡಕ ಒರೆಸಿಕೊಂಡು, ಸೊನ್ನೆ ಬಂದ ಉತ್ತರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದರು. ಮೌಸ್, ಸರಿ. ಸ್ಕ್ಯಾನರ್, ಸರಿ. ಮತ್ತೆ ಸೊನ್ನೆ ಏಕೆ? ನಾನು ಡೇಟಾಬೇಸ್ ಕೆದಕುತ್ತಿದ್ದೆ, ಏನೂ ಹೊಳೆಯಲಿಲ್ಲ. ಎರಡು ಗಂಟೆಯ ಹೊತ್ತಿಗೆ ರಾಜೀನಾಮೆ ಪತ್ರ ಟೈಪ್ ಮಾಡಿ ಮೇಜಿನ ಮೇಲೆ ತಲೆಯಿಟ್ಟೆ. ಸಿಸ್ಟಂ ಕೆಟ್ಟಿದ್ದಕ್ಕಲ್ಲ. ಅಷ್ಟು ಹೊತ್ತು ಅಡಗಿಸಿಕೊಂಡಿದ್ದ "ಕಾಗುಣಿತ ಸರಿಯಾಗಿ ಕಲಿ" ಎಂಬ ನನ್ನದೇ ದನಿ ಕಿವಿಯೊಳಗೆ ಕೇಳತೊಡಗಿತ್ತು. ಅತ್ತುಬಿಟ್ಟೆ ಎಂದು ಬರೆಯಲು ಈಗ ನಾಚಿಕೆಯಿಲ್ಲ.

ಮೇಡಂ ಸಮಾಧಾನ ಹೇಳಲಿಲ್ಲ. ಎಂದೂ ನನ್ನನ್ನು 'ಸರ್' ಎನ್ನದೆ ಮಾತಾಡಿದವರಲ್ಲ; ಆಗ ಮಾತ್ರ, "ಇಲ್ಲಿ ನೋಡಪ್ಪ" ಎಂದು ಸಹಿ ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. ಸೊನ್ನೆ ಬಂದವರ ನೋಂದಣಿ ಸಂಖ್ಯೆಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದರು. "ಇವರೆಲ್ಲ ನಮ್ಮ ಲ್ಯಾಬಿನಲ್ಲಿ ಕುಳಿತು ಬರೆದವರು. ಮೊಬೈಲಿನಲ್ಲಿ ಬರೆದ ಒಬ್ಬರಿಗೂ ತೊಂದರೆಯಾಗಿಲ್ಲ."

ಅಲ್ಲಿಂದ ಮುಂದಿನದು ಅರ್ಧ ಗಂಟೆಯ ಕೆಲಸ. ಲ್ಯಾಬಿನ ಕಂಪ್ಯೂಟರುಗಳಲ್ಲಿದ್ದ ಕನ್ನಡ ಕೀಲಿಮಣೆ ತಂತ್ರಾಂಶವು ಪದದ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರವನ್ನು ಸೇರಿಸುತ್ತಿತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಒತ್ತಕ್ಷರ ಮೂಡದಂತೆ ತಡೆಯುವುದು ಅದರ ಕೆಲಸ. 'ಸಾಫ್ಟ್‌ವೇರ್' ಎಂಬಂಥ ಪದದ ನಡುವೆ ಅದು ಬೇಕೇ ಬೇಕು, ಕೊನೆಯಲ್ಲಿ ಬೇಡ. ಮನುಷ್ಯರ ಕಣ್ಣಿಗೆ ಎರಡೂ ಒಂದೇ 'ಪ್ರಿಂಟರ್'. ಯಂತ್ರಕ್ಕೆ ಬೇರೆ ಬೇರೆ. ಅದಕ್ಕೇ 'ಕೀಲಿಮಣೆ' ಎಂದು ಬರೆದವರಿಗೆ ಅಂಕ ಬಂದಿತ್ತು, ಸ್ವರದಲ್ಲಿ ಮುಗಿಯುವ ಪದವಲ್ಲವೇ! ಲಾಗ್‌ನಲ್ಲಿ ಯಾವ ಜಾಲದಿಂದ ಬರೆದರು ಎಂದು ತೋರಿಸುವ ಐಪಿ ವಿಳಾಸ ಇದ್ದೇ ಇತ್ತು. ನೋಡಿದ್ದರೆ ಲ್ಯಾಬಿನ ಸುಳಿವು ನನಗೂ ಸಿಗುತ್ತಿತ್ತು. ನೋಡಲಿಲ್ಲ.

ಸರಿಯುತ್ತರದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಮುಂದೆ ಏನಿದ್ದರೂ ಮೂಡಲ್ ಒಪ್ಪಿಕೊಳ್ಳುತ್ತದೆ. ಒಂದೇ ಏಟಿಗೆ ಮುಗಿಸೋಣ ಎಂದೆ. "ಹಾಗಾದರೆ ಪ್ರಿಂಟರ್ ಅಲ್ಲ ಎಂದು ಬರೆದವನಿಗೂ ಅಂಕ ಬರುತ್ತದೆಯೇ?" ಬರುತ್ತದೆ. ಕೂಡದು ಎಂದರು. ಪ್ರತಿ ಪ್ರಶ್ನೆಗೂ ಆ ಕಾಣದ ಅಕ್ಷರವಿರುವ ಎರಡನೆಯ ಉತ್ತರ ಸೇರಿಸಿ, ಮರುಮೌಲ್ಯಮಾಪನದ ಗುಂಡಿ ಒತ್ತಿ, ಬದಲಾದ ಒಂದೊಂದು ಅಂಕವನ್ನೂ ಕೈಯಲ್ಲಿ ತಾಳೆ ನೋಡಿದೆವು. ಬೆಳಕು ಹರಿಯಿತು. ಕಸ ಗುಡಿಸುವವರು ಬಂದಾಗ ನಾನು ಮತ್ತೆ 'ಸರ್' ಆಗಿದ್ದೆ.

ಆ ಹುಡುಗಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಈ ಸಲವೂ "ಸರಿ ಸರ್" ಎಂದಳು. ಮೊದಲಿನ 'ಸರಿ'ಗೂ ಇದಕ್ಕೂ ಏನು ವ್ಯತ್ಯಾಸ ಎಂದು ಇವತ್ತಿಗೂ ಗೊತ್ತಾಗಿಲ್ಲ.

2020ರಲ್ಲಿ ತರಗತಿಗಳಿಗೆ ಬೀಗ ಬಿದ್ದ ಮೇಲೆ ಆನ್‌ಲೈನ್ ಕಲಿಕೆಯ ವ್ಯವಸ್ಥೆ ನೋಡಿಕೊಳ್ಳುವ ನಮ್ಮ ಕಸುಬಿಗೆ ಎಲ್ಲಿಲ್ಲದ ಬೆಲೆ ಬಂತು. ಯಾರು ಎಷ್ಟು ಹೊತ್ತು ವಿಡಿಯೊ ನೋಡಿದರು, ಎಷ್ಟು ಸಲ ಗುಂಡಿ ಒತ್ತಿದರು ಎಂಬ ಬಣ್ಣದ ನಕ್ಷೆಗಳನ್ನು ತೋರಿಸಿ ನಾನೂ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗಲೂ ಆ ನಕ್ಷೆಗಳನ್ನು ಮಾಡುತ್ತೇನೆ, ಅದೇ ನನ್ನ ಸಂಬಳ. ಆದರೆ ಹೊಸ ತಾಣದಲ್ಲಿ ಯಂತ್ರ ಸೊನ್ನೆ ಕೊಟ್ಟ ಪ್ರತಿ ಕನ್ನಡ ಉತ್ತರವನ್ನೂ ಪ್ರಕಟಣೆಗೆ ಮೊದಲು ಒಬ್ಬ ಮನುಷ್ಯ ಓದಬೇಕೆಂದು ನಿಯಮ ಮಾಡಿಸಿದ್ದೇನೆ. ಅಧ್ಯಾಪಕರು ಗೊಣಗುತ್ತಾರೆ. ಗೊಣಗಲಿ.

ನಿವೃತ್ತಿಯ ದಿನ ಮೇಡಂ ಸಹಿ ಪುಸ್ತಕವನ್ನು ನನ್ನ ಕೈಗಿಟ್ಟು ಹೋದರು. ಶನಿವಾರ ಸರ್ವರ್ ಆರಿಸಿ ಬಂದು ಅದನ್ನು ಬಿಡಿಸಿದೆ. ಕೊನೆಯ ಪುಟದಲ್ಲಿ ಆ ದಿನಾಂಕ, ಅದರ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಸಾಲು: ಬೆಳಗಿನ ಚಹಾ ಎರಡು, ಇಪ್ಪತ್ತು ರೂಪಾಯಿ, ಸರ್ ಪಾಲು ಹತ್ತು ಬಾಕಿ.

ಮೇಡಂ, ಭಾನುವಾರ ಮನೆಗೆ ಬಂದು ಕೊಡುತ್ತೇನೆ. ಅವಲಕ್ಕಿ ಮಾಡಿರಿ.