ಗೆಳೆಯನಿಗೊಂದು ಪತ್ರ: ಸಿಗ್ನಲ್ ಹತ್ತಿರ ನಿಂತು ಕಲಿತ ಪಾಠ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ. "ಬಿಸಿನೆಸ್ ಓದೋ ಹುಡುಗರಿಗೆ ನಾಗರಿಕ ಜವಾಬ್ದಾರಿ, ನಾಯಕತ್ವ ಅಂತ ಒಂದು ಪೇಪರ್ ನನ್ನ ತಲೆಗೆ ಕಟ್ಟಿದ್ದಾರೆ. ಅದರಲ್ಲಿ ಪಾಠ ಮಾಡೋಕೆ ಏನಿದೆ ಕಣೋ?" ಅಂದೆ. ಅವತ್ತು ಅವಸರದಲ್ಲಿ ಏನೋ ಹೇಳಿ ಫೋನ್ ಇಟ್ಟುಬಿಟ್ಟೆ. ಇವತ್ತು ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಇದೇ ಗೊಂದಲ ಬೇರೆ ಮೇಷ್ಟ್ರುಗಳಿಗೂ ಇರಬಹುದು, ಅದಕ್ಕೇ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ಅಲ್ವಾ?

ಮೊದಲ ದಿನವೇ ಒಬ್ಬರಾದರೂ ಎದ್ದು ನಿಂತು ಕೇಳುತ್ತಾರೆ: "ಸರ್, ಲಾಭ ಮಾಡೋದೇ ಕಂಪನಿ ಕೆಲಸ ಅಲ್ವಾ? ನಮಗ್ಯಾಕೆ ಇದು?" ಆ ಹುಡುಗನ ಬಾಯಿ ಮುಚ್ಚಿಸಬೇಡ. ಅವನು ಮನಸ್ಸಿನಲ್ಲಿ ಇರುವುದನ್ನೇ ಕೇಳುತ್ತಿದ್ದಾನೆ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ ಪುರವಣಿಗೆ ಒಂದು ಲೇಖನ ಬರೆದರು. ಲಾಭ ಹೆಚ್ಚಿಸುವುದೇ ವ್ಯಾಪಾರದ ಸಾಮಾಜಿಕ ಹೊಣೆ ಅಂತ ಅದರ ವಾದ. ಹುಡುಗರಿಗೆ ಅಷ್ಟು ಮಾತ್ರ ನೆನಪಿರುತ್ತದೆ. ಆದರೆ ಆ ವಾದಕ್ಕೆ ಒಂದು ಷರತ್ತು ಅಂಟಿಕೊಂಡಿದೆ: ಆಟದ ನಿಯಮದ ಒಳಗೇ ಇರಬೇಕು, ಮೋಸ ವಂಚನೆ ಇರಬಾರದು. ನಾನು ಆ ಷರತ್ತನ್ನು ಬೋರ್ಡ್ ಮೇಲೆ ಬರೆದು ಕೇಳುತ್ತೇನೆ: ಆ ನಿಯಮ ಮಾಡುವವರು ಯಾರು?

ಸರ್ಕಾರ ಅನ್ನುತ್ತಾರೆ. ಸರ್ಕಾರಕ್ಕೆ ಹೇಳುವವರು ಯಾರು? ಜನ ಅನ್ನುತ್ತಾರೆ. ಜನ ಅಂದರೆ ಯಾರು? ಈಗ ತರಗತಿ ಸ್ವಲ್ಪ ಮೆತ್ತಗಾಗುತ್ತದೆ. ಫ್ರೀಡ್‌ಮನ್ ಹೇಳಿದ್ದು ಸರಿ ಅಂತಲೇ ಇಟ್ಟುಕೊಂಡರೂ, ನಿಯಮದ ಬಗ್ಗೆ ತಲೆ ಕೆಡಿಸಿಕೊಳ್ಳುವ ನಾಗರಿಕರು ಇಲ್ಲದಿದ್ದರೆ ಆ ವಾದಕ್ಕೆ ಕಾಲೇ ಇರುವುದಿಲ್ಲ. ಇದನ್ನು ನೀನು ಹೇಳಬೇಡ. ಅವರಾಗಿಯೇ ಹೇಳುವವರೆಗೆ ಕಾಯಿ.

ಅದೇ 1970ರಲ್ಲಿ ಆಲ್ಬರ್ಟ್ ಹರ್ಷ್‌ಮನ್ ಅನ್ನುವ ಇನ್ನೊಬ್ಬ ಅರ್ಥಶಾಸ್ತ್ರಜ್ಞರು ಒಂದು ಸರಳ ವಿಷಯ ಹೇಳಿದರು. ಒಂದು ಸಂಸ್ಥೆ ಕೆಡುತ್ತಾ ಬಂತು ಅಂದರೆ ಅದನ್ನು ನೆಚ್ಚಿಕೊಂಡವರಿಗೆ ಎರಡು ದಾರಿ. ಬಿಟ್ಟು ಹೋಗಬೇಕು, ಇಲ್ಲ ದನಿ ಎತ್ತಬೇಕು. ಯೋಚನೆ ಮಾಡಿ ನೋಡು, ನಾವು ಈ ಮಕ್ಕಳಿಗೆ ಕಲಿಸುವುದೆಲ್ಲ ಜಾಸ್ತಿ ಮೊದಲನೇ ದಾರಿಯೇ. ಸರಕು ಹಿಡಿಸಲಿಲ್ಲವಾ, ಗ್ರಾಹಕ ಬೇರೆ ಕಡೆ ಹೋಗುತ್ತಾನೆ. ಷೇರು ಬಿತ್ತಾ, ಮಾರು. ಆಳು ಸರಿಯಿಲ್ಲವಾ, ತೆಗೆದುಹಾಕು. ಇದೆಲ್ಲ ಕಲಿತು ಹೊರಗೆ ಬಂದವನಿಗೆ ಕುಡಿಯುವ ನೀರು ಕೆಟ್ಟರೆ, ರಸ್ತೆ ದಾಟೋಕೆ ಆಗದಿದ್ದರೆ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ಅಲ್ಲಿ ಸಂಬಳ ಕೊಟ್ಟು ಯಾರನ್ನೂ ಕರೆಸಿಕೊಳ್ಳುವ ಹಾಗಿಲ್ಲ, ಮಾತು ಕೇಳಲಿಲ್ಲ ಅಂತ ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲ. ಕೈಯಲ್ಲಿ ಉಳಿಯುವುದು ತನ್ನ ಮಾತು ಒಂದೇ. ನಾಗರಿಕ ಕೆಲಸ ಮತ್ತು ಸ್ವಂತ ನಾಯಕತ್ವ ಎರಡನ್ನೂ ಒಂದೇ ಪೇಪರಿನಲ್ಲಿ ಯಾಕೆ ಇಟ್ಟಿದ್ದಾರೆ ಅಂತ ನನಗೂ ಬಹಳ ದಿನ ಅರ್ಥವಾಗಿರಲಿಲ್ಲ. ಈ ಎರಡನೇ ದಾರಿಯ ಬಗ್ಗೆ ಯೋಚಿಸಿದ ಮೇಲೆ ಅರ್ಥವಾಯಿತು.

ಒಂದು ತಂಡದ ಕಥೆ ಹೇಳುತ್ತೇನೆ. ಐದು ಜನ. ಕಾಲೇಜಿನ ಎದುರಿನ ಅಗಲ ರಸ್ತೆ, ಆ ಬದಿಯಲ್ಲಿ ಆಸ್ಪತ್ರೆ. ವಯಸ್ಸಾದವರು ದಾಟೋಕೆ ಒದ್ದಾಡುತ್ತಾರೆ ಅಂತ ಇವರು ಆ ವಿಷಯ ತೆಗೆದುಕೊಂಡರು. ಎರಡನೇ ವಾರಕ್ಕೇ ಸ್ಲೈಡ್ ರೆಡಿ. ಫೋನಿನಲ್ಲಿ ಒಂದು ಆಪ್, ಗುಂಡಿ ಒತ್ತಿದರೆ ಸಿಗ್ನಲ್ಲಿಗೆ ಸಂದೇಶ ಹೋಗುತ್ತದೆ. ಲೋಗೋ ಕೂಡ ಮಾಡಿದ್ದರು. "ದಾಟುವವರಲ್ಲಿ ಎಷ್ಟು ಜನರನ್ನು ಮಾತಾಡಿಸಿದ್ದೀರಿ?" ಅಂದೆ. ಒಬ್ಬರನ್ನೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಮೂರು ವಾರ ಅಲ್ಲಿ ಹೋಗಿ ನಿಲ್ಲಿ, ಅಲ್ಲಿಯವರೆಗೆ ಪರಿಹಾರದ ಮಾತೇ ಎತ್ತಬೇಡಿ ಅಂದೆ.

ಟೇಪು ಹಿಡಿದು ಅಳೆದರು. ರಸ್ತೆ 18 ಮೀಟರ್ ಅಗಲ. ದಾಟುವವರಿಗೆ ಹಸಿರು ದೀಪ ಇರುವುದು 15 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 1.2 ಮೀಟರ್. ಹುಡುಕಿ ನೋಡಿದಾಗ ಅದು ಆಕಸ್ಮಿಕ ಅಲ್ಲ ಅಂತ ಗೊತ್ತಾಯಿತು. ಸಿಗ್ನಲ್ ಸಮಯ ಲೆಕ್ಕ ಹಾಕೋಕೆ ಎಂಜಿನಿಯರುಗಳು ಬಹಳ ಕಾಲದಿಂದ ಬಳಸುತ್ತಾ ಬಂದ ನಡಿಗೆಯ ವೇಗ ಅದು. ಆದರೆ ಆಸ್ಪತ್ರೆಗೆ ಬರುವ ಮುದುಕರನ್ನು ಸ್ಟಾಪ್‌ವಾಚ್ ಹಿಡಿದು ನೋಡಿದರೆ ಸೆಕೆಂಡಿಗೆ 0.8 ಮೀಟರ್ ಹತ್ತಿರ ನಡೆಯುತ್ತಿದ್ದರು. ದೀಪ ಕೆಂಪಾಗುವಾಗ ಅವರು ದಾಟಿರುವುದು 12 ಮೀಟರ್. ಇನ್ನೂ ಆರು ಮೀಟರ್ ಬಾಕಿ, ಅಷ್ಟರಲ್ಲಿ ಗಾಡಿಗಳು ಹೊರಟಿರುತ್ತವೆ.

ಸರಾಸರಿ ಅನ್ನುವ ಪದವನ್ನು ನಮ್ಮ ಮಕ್ಕಳು ದಿನಕ್ಕೆ ಹತ್ತು ಸಲ ಬಳಸುತ್ತಾರೆ. ಮಾರ್ಕೆಟಿಂಗ್ ಲೆಕ್ಕದಲ್ಲಿ ಸರಾಸರಿಯಿಂದ ದೂರ ಇರುವ ಗ್ರಾಹಕನನ್ನು ಬಿಟ್ಟರೂ ನಡೆಯುತ್ತದೆ. ಇಲ್ಲಿ ಆ ಮನುಷ್ಯ ನಡುರಸ್ತೆಯಲ್ಲಿ ನಿಂತಿದ್ದಾನೆ. ಆ ದಿನ ಐವರ ಮುಖ ನೋಡಬೇಕಿತ್ತು ನೀನು.

ಇನ್ನೊಂದು ನಡೆಯಿತು. ತಂಡದಲ್ಲಿದ್ದ ಹುಡುಗಿ ಒಬ್ಬ ವಯಸ್ಸಾದ ಹೆಂಗಸನ್ನು ಪ್ರಶ್ನೆ ಪತ್ರ ಹಿಡಿದು ಮಾತಾಡಿಸಿದಳು. ಸಮಯ ಸಾಕಾಗುತ್ತಾ, ಸಾಲದಾ, ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡ್ತೀರಿ ಅಂತೆಲ್ಲ. ಆಕೆ ಹೇಳಿದರು: "ನಾನು ಲೈಟ್ ನೋಡೋದೇ ಇಲ್ಲಮ್ಮ. ಜೊತೆಗೆ ದಾಟೋರು ಯಾರಾದ್ರೂ ಬರ್ತಾರಾ ಅಂತ ನೋಡ್ತೀನಿ." ಇದನ್ನು ಬರೆಯೋಕೆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡು ಬಂದಳು. ಆಮೇಲೆ ಆಕೆ ಇನ್ನೊಂದು ಮಾತು ಕೇಳಿದ್ದರಂತೆ: "ಹೋದ ವರ್ಷಾನೂ ಮಕ್ಕಳು ಬಂದು ಬರ್ಕೊಂಡು ಹೋದ್ರು. ಅದೇನಾಯ್ತು?"

ಹೋದ ವರ್ಷದವರೂ ನನ್ನ ವಿದ್ಯಾರ್ಥಿಗಳೇ. ಅವರಿಗೆ ಒಳ್ಳೆ ಅಂಕ ಕೊಟ್ಟಿದ್ದೆ. ಮರಳಿ ಹೋಗಿ ಏನಾಯಿತು ಅಂತ ಹೇಳಬೇಕು ಅಂತ ನಾನು ಅವರಿಗೆ ಹೇಳಿರಲೇ ಇಲ್ಲ. ಸೆಮಿಸ್ಟರ್ ಮುಗಿಯಿತು, ವಿಷಯವೂ ಮುಗಿಯಿತು. ಜನರ ಸಮಯ ತೆಗೆದುಕೊಂಡು, ಅವರ ಕಷ್ಟ ಕೇಳಿಕೊಂಡು, ಅದನ್ನು ಅಂಕವಾಗಿ ಮಾಡಿಕೊಂಡು ಎದ್ದು ಬಂದಿದ್ದೆವು. ಈ ಪೇಪರಿನಲ್ಲಿ ನೀನು ಒಂದೇ ಒಂದು ತಪ್ಪು ತಪ್ಪಿಸಬೇಕು ಅಂದರೆ ಇದನ್ನು ತಪ್ಪಿಸು.

ಲೆಕ್ಕ ತಗೊಂಡು ಹುಡುಗರು ನಗರಸಭೆಗೆ ಹೋದರು. ಅಲ್ಲಿನ ಎಂಜಿನಿಯರ್ ಪೂರ್ತಿ ಕೇಳಿದರು. ನಡೆಯುವವರಿಗೆ ನೀವು ಕೇಳುವ ಎಂಟು ಸೆಕೆಂಡು ಜಾಸ್ತಿ ಕೊಟ್ಟರೆ ಪಕ್ಕದ ರಸ್ತೆಯಲ್ಲಿ ಗಾಡಿ ಎಷ್ಟು ಉದ್ದ ನಿಲ್ಲುತ್ತವೆ, ಅದನ್ನೂ ಎಣಿಸಿ ತನ್ನಿ ಅಂದರು. ನ್ಯಾಯವಾದ ಮಾತು. ಎದುರಿಗಿರುವವರು ಕೆಟ್ಟವರಾಗಿರಬೇಕಿಲ್ಲ, ಅವರ ಮುಂದೆ ಬೇರೆ ಲೆಕ್ಕ ಇರುತ್ತದೆ ಅಂತ ಅವತ್ತು ಅವರು ಕಲಿತರು. ಆದರೆ ಮುಂದಿನ ಸಭೆ ಬಿದ್ದದ್ದು ಪರೀಕ್ಷೆ ಮುಗಿದ ಮೇಲೆ. ಅಂಕ ಆಗಲೇ ಹಾಕಿಯಾಗಿತ್ತು. ಐವರಲ್ಲಿ ಇಬ್ಬರು ಹೋದರು. ಐವರಿಗೂ ನಾನು ಕೊಟ್ಟ ಅಂಕ ಒಂದೇ. ಅದು ನನ್ನನ್ನು ಬಹಳ ದಿನ ಕಾಡಿತು.

ಈಗ ಅಂಕ ಕೊಡುವ ರೀತಿ ಬದಲಾಯಿಸಿದ್ದೇನೆ. ಎಷ್ಟು ಗಂಟೆ ಸೇವೆ ಮಾಡಿದೆ ಅಂತ ಕೇಳುವುದಿಲ್ಲ. ಗಂಟೆ ಎಣಿಸಿದರೆ ಗಂಟೆ ತುಂಬಿಸುತ್ತಾರೆ, ಅಷ್ಟೇ. ಒಂದು ನೋಟ್‌ಬುಕ್ ಕೊಡುತ್ತೇನೆ. ಎಡಗಡೆ ಪುಟದಲ್ಲಿ ಯಾರಿಗೆ ಏನು ಮಾತು ಕೊಟ್ಟೆ, ಯಾವತ್ತು. ಬಲಗಡೆ ಪುಟದಲ್ಲಿ ಏನು ಮಾಡಿದೆ. "ತುಂಬಾ ಕಲಿತೆ, ಒಳ್ಳೆ ಅನುಭವವಾಯಿತು" ಅನ್ನುವ ಸಾಲು ಬಂದರೆ ಕೆಳಗೆ ಗೆರೆ ಎಳೆದು ಕೇಳುತ್ತೇನೆ: ಯಾರಿಂದ? ಅವರು ಹೇಳಿದ್ದೇನು? ನೀನು ಮೊದಲು ಏನು ಅಂದುಕೊಂಡಿದ್ದೆ? ಮಾತು ತಪ್ಪಿದ್ದಕ್ಕೆ ಅಂಕ ಕಳೆಯುವುದಿಲ್ಲ. ತಪ್ಪಿದ್ದನ್ನು ಆ ಮನುಷ್ಯನಿಗೆ ಹೋಗಿ ಹೇಳಲಿಲ್ಲವಾ, ಆಗ ಕಳೆಯುತ್ತೇನೆ.

ದನಿ ಎತ್ತುವುದು ಅಭ್ಯಾಸದಿಂದ ಬರುವಂಥದ್ದು. ಇದಕ್ಕೆ ನಾನು ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕಥೆ ಬಳಸುತ್ತೇನೆ. 1986ರ ಜನವರಿ 27ರ ರಾತ್ರಿ. ಬೂಸ್ಟರ್ ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರುಗಳು, ಇಷ್ಟು ಚಳಿಯಲ್ಲಿ ರಬ್ಬರ್ ಓ-ರಿಂಗ್ (ರಾಕೆಟ್ಟಿನ ಜೋಡಣೆಯಿಂದ ಬಿಸಿ ಅನಿಲ ಸೋರದಂತೆ ತಡೆಯುವ ಬಳೆ) ಸರಿಯಾಗಿ ಕೂರುವುದಿಲ್ಲ, ನಾಳೆ ಹಾರಿಸಬೇಡಿ ಅಂತ ನಾಸಾಕ್ಕೆ ಫೋನಿನಲ್ಲಿ ಹೇಳಿದರು. ನಾಸಾದವರು ಒಪ್ಪಲಿಲ್ಲ. ಕಂಪನಿಯವರು ಐದು ನಿಮಿಷ ಕೊಡಿ ಅಂತ ಫೋನ್ ಮ್ಯೂಟ್ ಮಾಡಿ ಸುಮಾರು ಅರ್ಧ ಗಂಟೆ ಒಳಗೊಳಗೇ ಮಾತಾಡಿಕೊಂಡರು. ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೋ ಅಂತ ಮೇಲಿನವರು ಒಬ್ಬರಿಗೆ ಹೇಳಿದ್ದು ಆಗಲೇ. ಆಮೇಲೆ "ಬೇಡ" ಹೋಗಿ "ಆಗಲಿ" ಆಯಿತು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಒಡೆದು ಏಳು ಜನ ಸತ್ತರು.

ಮೇಜಿನ ಮಧ್ಯೆ ಒಂದು ಫೋನ್ ಇಟ್ಟು ಆ ಅರ್ಧ ಗಂಟೆಯನ್ನು ಮಕ್ಕಳ ಕೈಯಲ್ಲಿ ಮಾಡಿಸುತ್ತೇನೆ. ವ್ಯಾಪಾರ ನೀತಿ ಕಲಿಸುವ ಮೇರಿ ಜೆಂಟಿಲೆ ಒಂದು ಒಳ್ಳೆ ಉಪಾಯ ಹೇಳಿಕೊಟ್ಟಿದ್ದಾರೆ. ಯಾವುದು ಸರಿ ಅಂತ ಕೇಳಬೇಡ, ಅದು ನಿನಗೆ ಗೊತ್ತಿದೆ ಅಂತಲೇ ಇಟ್ಟುಕೋ, ಈಗ ಅದನ್ನು ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಹೇಳ್ತೀಯಾ ಅಂತ ಕೇಳು. ಹೀಗೆ ಕೇಳಿದ ಕೂಡಲೇ ಚರ್ಚೆಯ ರೀತಿಯೇ ಬದಲಾಗುತ್ತದೆ. ಯಾವಾಗಲೂ ಮುಂದೆ ಕೂತು ಮಾತಾಡುವ ಹುಡುಗರ ಗಂಟಲು ಕಟ್ಟಿದ್ದನ್ನು ನೋಡಿದ್ದೇನೆ. ಒಂದು ಸಲ ಹಿಂದಿನ ಬೆಂಚಿನ ಹುಡುಗ ಮೆಲ್ಲಗೆ, "ಮ್ಯೂಟ್ ತೆಗೀರಿ, ನಾನು ಅವರಿಗೇ ಹೇಳ್ತೀನಿ" ಅಂದ. ತರಗತಿ ಗಪ್‌ಚಿಪ್.

ರಾಜಕೀಯ ಬರುತ್ತೆ ಅಂತ ನೀನು ಹೆದರಿದ್ದೆ. ಪಕ್ಷದ ಪರ ವಾದ ತರಗತಿಯೊಳಗೆ ಬೇಡ ಅಂತ ಮೊದಲೇ ಹೇಳಿಬಿಡು. ಆದರೆ ಸುಮ್ನೆ ಕಸ ಎತ್ತಿಸಿ ಫೋಟೋ ತೆಗೆಸಿ ಕಳಿಸಬೇಡ. ಕಸ ಎತ್ತಲಿ, ಎತ್ತಿದ ಮೇಲೆ ಇದು ಇಲ್ಲೇ ಯಾಕೆ ಬೀಳುತ್ತೆ, ಇದನ್ನು ತಡೆಯುವ ಅಧಿಕಾರ ಯಾರಿಗಿದೆ ಅಂತ ಕೇಳಲಿ.

ಆ ಸಿಗ್ನಲ್ ಏನಾಯಿತು ಅಂತ ಕೇಳ್ತೀಯಾ ಅಂತ ಗೊತ್ತು. ಕೆಲವು ತಿಂಗಳಾದ ಮೇಲೆ ಪ್ರಯೋಗಕ್ಕೆ ಅಂತ 15 ಸೆಕೆಂಡನ್ನು 20 ಮಾಡಿದರು. ಹುಡುಗರು ಕೇಳಿದ್ದು 23. ಅಂಚಿನಲ್ಲಿ ಬರೆದುಕೊಂಡಿದ್ದ ಆ ಹುಡುಗಿ ಸುದ್ದಿ ಹೇಳೋಕೆ ಆ ಹೆಂಗಸನ್ನು ಹುಡುಕಿಕೊಂಡು ಮೂರು ದಿನ ಆಸ್ಪತ್ರೆ ಗೇಟಿನ ಹತ್ತಿರ ನಿಂತಿದ್ದಳು. ಪೇಪರ್ ಮುಗಿದು, ಅಂಕ ಬಂದು ಎಷ್ಟೋ ದಿನವಾಗಿತ್ತು. ಆದರೂ ತಾನೇ ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ ತಂದು ತೋರಿಸಿದಳು. ಅವಳನ್ನು ಕೇಳಿಯೇ ಆ ಪುಟದ ಕೊನೆಯ ಸಾಲುಗಳನ್ನು ನಿನಗೆ ಬರೆಯುತ್ತಿದ್ದೇನೆ:

"ಇವತ್ತು ಅವರು ಸಿಕ್ಕಿದರು. ಜೊತೆಗೇ ದಾಟಿದೆ. 22 ಸೆಕೆಂಡು. ಕೊನೆಯ ಎರಡು ಸೆಕೆಂಡು ಬಸ್ಸಿನವರು ಕಾದರು."

ಮೊದಲ ತರಗತಿ ಆದ ಮೇಲೆ ಬರೆ, ಹುಡುಗರು ಏನು ಕೇಳಿದರು ಅಂತ.

ನಿನ್ನವನೇ,
ಗೆಳೆಯ